ಸಾವಿರ ಕೋಟಿ ಸಲ ಕಲಸಿದ ಎಲೆ
ನಾನು ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ಪಾಠ ಮಾಡುವವ. ಎಂಟು ಇಸ್ಪೀಟೆಲೆಗಳನ್ನು ಎರಡು ಸಮಪಾಲು ಮಾಡಿ, ಮೇಲಿನ ಎಲೆ ಮೇಲೇ ಉಳಿಯುವಂತೆ ಒಂದರ ನಡುವೆ ಒಂದು ಸೇರಿಸಿ ಕಲಸಬೇಕು. ಹೀಗೇ ಸಾವಿರ ಕೋಟಿ ಸಲ ಕಲಸಿದರೆ ಕೊನೆಗೆ ಯಾವ ಕ್ರಮ ಬರುತ್ತದೆ ಅಂತ ಹುಡುಗರು ಸವಾಲು ಹಾಕಿದ್ದರು. ಸಾಗರದಲ್ಲಿ ಬಸ್ಸು ಹತ್ತುವಾಗ ಲ್ಯಾಪ್‌ಟಾಪಿನಲ್ಲಿ ಓಡಲು ಬಿಟ್ಟ ಪ್ರೋಗ್ರಾಂ ಹೊಸನಗರ ಬಂದರೂ ಮುಗಿದಿರಲಿಲ್ಲ.

"ಎಂತ ನೋಡ್ತಿದ್ದೀರಿ ಅಷ್ಟೊತ್ತಿಂದ?" ಅಂದರು ಪಕ್ಕದ ಸೀಟಿನ ಹೆಂಗಸು. ಹೇಳಿದೆ.

"ಎಂಟೆಲೆ ಆದ್ರೆ ಮೂರೇ ಸಲಕ್ಕೆ ಮೊದಲಿದ್ದ ಹಾಗೇ ಬರ್ತವೆ ಮಾರಾಯ್ರೆ. ಮದುವೆಮನೇಲಿ ನಮ್ಮ ಭಾವ ಹಿಂಗೇ ಮೋಸ ಮಾಡ್ತಿದ್ದಿದ್ದು."

ಟಿಕೆಟಿನ ಹಿಂದೆ ಬರೆದು ನೋಡಿದೆ, ನಿಜ. ಸಾವಿರ ಕೋಟಿಯನ್ನು ಮೂರರಿಂದ ಭಾಗಿಸಿದರೆ ಉಳಿಯುವುದು ಒಂದು. ಅಂದರೆ ಒಂದೇ ಸಲ ಕಲಸಿದರೆ ಸಾಕು.

ಕ್ಲಾಸಿನಲ್ಲಿ ಉತ್ತರವನ್ನು ಗತ್ತಿನಿಂದ ಬೋರ್ಡಿನ ಮೇಲೆ ಬರೆದೆ. ಹುಡುಗರು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಒಬ್ಬಳು ಮಾತ್ರ, "ಯಾವ ಪುಸ್ತಕದಲ್ಲಿದೆ ಸಾರ್?" ಅಂದಳು.

"ಪುಸ್ತಕ ಬಿಡು," ಅಂದೆ, "ಮದುವೆಗೆ ಹೋಗು."