ಬಾಯಿ ನಂದು

ಕಲ್ಯಾಣದುರ್ಗದ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುತ್ತಿದ್ದ ವಕೀಲರು ನಮ್ಮ ಪಕ್ಕದ, ನಮ್ಮದೇ ಮನೆಯಲ್ಲಿ ಬಾಡಿಗೆಗಿದ್ದರು. ಮಹಾ ಅಂಜುಬುರುಕರು. ಹಾಕಿದ ಚಿಲಕವನ್ನು ಮತ್ತೆ ಬಂದು ಎಳೆದು ನೋಡುತ್ತಿದ್ದರು. ನಾನು ಚಟ್ನಿ ಕೊಟ್ಟರೆ, “ಖಾರ ಬ್ಯಾಡ. ಬಾಯಿ ನಂದು ಕಣಮ್ಮ” ಎನ್ನುತ್ತಿದ್ದರು.

ಒಂದು ಚುನಾವಣೆಯಲ್ಲಿ ಕುಂದುರ್ಪಿ ಕಡೆ ಕೆಲವರು ಮತಪೆಟ್ಟಿಗೆ ಹೊತ್ತೊಯ್ದು ಬಾವಿಗೆ ಹಾಕಿದರು. ಕೇಸಾಯಿತು. ಆದರೆ ಗೆದ್ದದ್ದು ಅವರ ಪಕ್ಷವೇ. ಕೇಸು ಕೈಬಿಡಿ ಎಂದು ಹೈದರಾಬಾದಿನ ಸರ್ಕಾರದಿಂದ ಆದೇಶ ಬಂತು. ಕಾನೂನಿನಂತೆ ಕೇಸು ಬಿಡಲು ಕೋರ್ಟಿನ ಅನುಮತಿ ಕೇಳಬೇಕಾದವರು ಮಾತ್ರ ಈ ವಕೀಲರೇ.

ಸಂಜೆ ಜೀಪು ಬಂತು. ಇಳಿದ ಆ ಪಕ್ಷದವನೊಬ್ಬ ಮೆತ್ತಗೆ ಹೇಳಿದ: “ಮ್ಯಾಲಿಂದ ಆರ್ಡರ್ ಬಂದೈತೆ ಸಾರ್. ನಾಳೆ ನೀವು ಒಂದ್ಮಾತು ಅಂದ್ಬುಟ್ರೆ ಆಯ್ತು, ಅಷ್ಟೇ.”

ವಕೀಲರು ಕಾಫಿ ಲೋಟ ಕೆಳಗಿಟ್ಟರು. “ಅವರು ಹೇಳ್ಬೋದು. ಬಾಯಿ ನಂದು ಕಣಪ್ಪ.”

“ನಿಮ್ದೇ ಸಾರ್. ಒಳಗಿರೋ ಹೆಂಡ್ರು ಮಕ್ಳೂ ನಿಮ್ಮೋರೇ.”

ಮರುದಿನ ಅವರು ಕೋರ್ಟಿನಲ್ಲಿ ಕೇಸು ಬಿಡುವುದಿಲ್ಲ ಎಂದರು. ಮನೆಗೆ ಬಂದವರೇ ಹೆಂಡತಿ ಮಕ್ಕಳನ್ನು ನಮ್ಮಲ್ಲಿ ಬಿಟ್ಟು, ತಮ್ಮ ಬಾಗಿಲನ್ನು ಹಾರುಹೊಡೆದು, ಬೀದಿಗೆ ಮುಖಮಾಡಿ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಬೀದಿ ಕೊನೆಯಲ್ಲಿ ಜೀಪಿನ ಸದ್ದು ಕೇಳಿತು. ಚಿಲಕ ಹಾಕಿಕೊಳ್ಳಿ ಎಂದು ನಾನು ಕೂಗಿದೆ.

“ಬಾಗ್ಲು ನಿಮ್ದು ಕಣಮ್ಮ,” ಎಂದರು. “ಸುಮ್ಕೆ ಒಡೆದ್ಬುಡ್ತಾರೆ.”