ಟಾರ್ಚಕ್ಕ ಮೊದಲು ತಟ್ಟುವ ಬಾಗಿಲು

ಟಾರ್ಚಕ್ಕ ಬಂದಳೆಂದರೆ ಬೀದಿಯವರ ಮುಖ ಗಂಟಾಗುತ್ತಿತ್ತು. ನಗರಸಭೆಯ ಡೆಂಗಿ ತಡೆಯುವ ಕೆಲಸ ಅವಳದು. ಡ್ರಮ್ಮು, ಹೂಕುಂಡ, ಹಳೇ ಟೈರು ಎಲ್ಲದರೊಳಗೂ ಟಾರ್ಚು ಬಿಟ್ಟು ನೋಡಿ, ಸೊಳ್ಳೆಮರಿ ಕಂಡರೆ ಅಲ್ಲೇ ಬಗ್ಗಿಸಿ ಚೆಲ್ಲಿಬಿಡುತ್ತಿದ್ದಳು. ಕಷ್ಟಪಟ್ಟು ಹಿಡಿದಿಟ್ಟ ನೀರು ಮೋರಿ ಸೇರಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಎದುರುಮನೆಯ ದರ್ಜಿಯಂತೂ, “ಬಂದ್ಲಪ್ಪ ನೀರು ಚೆಲ್ಲೋ ಮಹಾತಾಯಿ” ಎಂದು ಕತ್ತರಿ ಕುಕ್ಕುತ್ತಿದ್ದ.

ಅಂಥವಳ ಮಗಳಿಗೇ ಡೆಂಗಿ ಬಂತು. ಜ್ವರ ಇಳಿಯಿತು ಎಂದು ತಾಯಿ ನಿಟ್ಟುಸಿರು ಬಿಡುವಷ್ಟರಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುಡಿದಳು, ಅಂಗೈ ತಣ್ಣಗಾಯಿತು. ಅದೇ ಅಪಾಯದ ಹೊತ್ತೆಂದು ಊರಿಗೆಲ್ಲ ಹೇಳಿಕೊಂಡು ಬಂದವಳಿಗೆ ಈಗ ಕೈಕಾಲೇ ಆಡಲಿಲ್ಲ. ಓಡಿಹೋಗಿ ಆಟೋ ತಂದವನು ಆ ದರ್ಜಿಯೇ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. “ನನ್ ಮನೆಗೇ ಹೇಗೆ ಬಂತು ಡಾಕ್ಟ್ರೇ?” ಎಂದು ಟಾರ್ಚಕ್ಕ ಅತ್ತಳು.

“ಹಡಗು ಹತ್ತಿ, ವಿಮಾನ ಹತ್ತಿ ಪ್ರಪಂಚ ಸುತ್ತಿರೋ ಕಾಯಿಲೆ ಕಣಮ್ಮ. ನಿಮ್ಮನೆ ಅಂತ ಮುಲಾಜು ನೋಡುತ್ತಾ? ಹೊತ್ತಿಗೆ ಸರಿಯಾಗಿ ಕರ್ಕೊಂಡ್ ಬಂದಿದ್ದೀರಿ, ಧೈರ್ಯವಾಗಿರಿ.”

ಬಟ್ಟೆ ತರಲು ಅವಳ ಮನೆಗೆ ಹೋಗಿದ್ದ ದರ್ಜಿ ವಾಪಸ್ಸು ಬಂದು ದನಿ ತಗ್ಗಿಸಿದ. “ಅಕ್ಕ, ಬೇಜಾರ್ ಮಾಡ್ಕೋಬೇಡಿ. ನಿಮ್ ಫ್ರಿಜ್ ಹಿಂದಿನ ತಟ್ಟೇಲಿ ನೀರು ನಿಂತಿತ್ತು. ಮರಿಗಳು ಕುಣೀತಿದ್ವು. ಚೆಲ್ಲಿ, ಒರೆಸಿ ಬಂದೆ.”

ಟಾರ್ಚಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಊರವರ ಡ್ರಮ್ಮುಗಳನ್ನೆಲ್ಲ ಬಗ್ಗಿ ನೋಡಿದವಳು, ದಣಿದು ಮನೆಗೆ ಬಂದ ಮೇಲೆ ಟಾರ್ಚನ್ನು ಮೊಳೆಗೆ ತಗುಲಿಹಾಕಿಬಿಡುತ್ತಿದ್ದಳು.

“ಬೀದೀಲಿ ಯಾರಿಗೂ ಹೇಳ್ಬೇಡಿ ಅಣ್ಣಾ.”

“ಹೇಳ್ಬೇಕಿತ್ತು, ಇಂಥ ಅವಕಾಶ ಇನ್ನೊಂದ್ಸಲ ಸಿಗುತ್ತಾ?” ಎಂದು ನಕ್ಕ ಅವನು, ಪುಣ್ಯಾತ್ಮ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವನನ್ನು ನೆನೆದಾಗಲೆಲ್ಲ ಟಾರ್ಚಕ್ಕನ ಕಣ್ಣು ತುಂಬುತ್ತದೆ. ಹಾಗಂತ ಅವನ ಡ್ರಮ್ಮಿಗೆ ಈಗಲೂ ರಿಯಾಯಿತಿಯಿಲ್ಲ.

ಮಗಳು ಉಳಿದಳು. ಕಾಲಿಗೆ ಶಕ್ತಿ ಬರಲು ಮಾತ್ರ ಬಹಳ ಸಮಯ ಹಿಡಿಯಿತು. ಈಗ ಟಾರ್ಚಕ್ಕ ಕೆಲಸಕ್ಕೆ ಹೊರಟಾಗ ಹೊರಗೆ ಬಂದು, ತನ್ನದೇ ಬಾಗಿಲು ಎಳೆದುಕೊಂಡು, ಮೊದಲು ಅದನ್ನೇ ತಟ್ಟುತ್ತಾಳೆ. “ಸೊಳ್ಳೆ ಚೆಕಿಂಗ್!”

“ಅಮ್ಮಾ, ಈಗ ತಾನೇ ಹೊರಗೆ ಹೋದ್ಯಲ್ಲಾ! ಚಿಲಕಾನೂ ಹಾಕಿಲ್ಲ. ತಳ್ಕೊಂಡು ಬಾ.”

“ಆಗಲ್ಲ. ನೀನೇ ಬಂದು ತೆಗಿ.”

ಮಗಳು ಗೊಣಗುತ್ತಾ ಏಳುತ್ತಾಳೆ. ಟಾರ್ಚಕ್ಕ ಬಾಗಿಲಿಗೆ ಕಿವಿಗೊಟ್ಟು, ಅವಳ ಹೆಜ್ಜೆಯ ಸದ್ದು ಹತ್ತಿರ ಬರುವುದನ್ನು ಕೇಳುತ್ತಾ ನಿಲ್ಲುತ್ತಾಳೆ.