ಇರಬಹುದು ಎನ್ನದೆ ಹೋದದ್ದು

ನಾನು ಓದಿರುವುದು ಎರಡನೇ ಕ್ಲಾಸು. ಮೂರನೆಯದಕ್ಕೆ ಹೋಗಲಿಲ್ಲ, ಹೋಗಲಿಲ್ಲವೆಂದು ಅತ್ತವಳೂ ಅಲ್ಲ. ಇಂಥವಳು ಇಂಗ್ಲಿಷಿನ ಬಗ್ಗೆ ಬರೆದರೆ ನಗುವವರು ನಗಲಿ.

ಮೊಮ್ಮಗಳು ಸೌಮ್ಯ ರಾಮನಗರದ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಅಕ್ಕೂರಿನ ನಮ್ಮ ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಾಳೆ. ಮೊನ್ನೆ ಮಸ್ಟ್, ಮೇ, ಮೈಟ್ ಎಂದು ಜಪ ಮಾಡುತ್ತಿದ್ದಳು.

"ಏನೇ ಅದು?"

"ಅಜ್ಜಿ, ಹೊರ್ಗಡೆ ಗಾಡಿ ಸದ್ದಾಯ್ತು ಅನ್ಕೋ. ತಾತನೇ, ಗ್ಯಾರಂಟಿ ಅನ್ನಂಗಿದ್ರೆ ಮಸ್ಟ್. ತಾತ ಇರ್ಬೋದು ಅಂದ್ರೆ ಮೇ. ಇದ್ರೂ ಇರ್ಬೋದೇನೋ, ಯಾರಿಗ್ಗೊತ್ತು ಅಂದ್ರೆ ಮೈಟ್."

"ಬಂದೋರು ಒಳಕ್ಕೇ ಬತ್ತಾರೆ, ಆಗ ನೋಡುದ್ರಾಯ್ತು. ಅದಕ್ಯಾಕೆ ಇಷ್ಟೊಂದು?"

"ನಿಂಗೆ ಬರೀ ಮಸ್ಟೇ ಕಣಜ್ಜಿ. ಬೇರೆ ಯಾವ್ದೂ ಬರಲ್ಲ."

ಹುಡುಗಿ ತಮಾಷೆಗೆ ಅಂದಳು. ನನಗೆ ಮಾಗಡಿಯ ಜಯಮ್ಮ ನೆನಪಾದಳು.

ಜಯಮ್ಮ ನನ್ನ ನಾದಿನಿ. ಹನ್ನೆರಡು ವರ್ಷದ ಹಿಂದೆ ತವರಿಗೆಂದು ಬಂದವಳು ನೆಟ್ಟಗೆ ಹುಳುಮನೆಗೆ ನುಗ್ಗಿ ತಟ್ಟೆಗಳಿಗೆ ಸೊಪ್ಪು ಹಾಕಿದಳು. ರೇಷ್ಮೆ ಮಾಡುವವರ ಮನೆಯಲ್ಲಿ ಇದು ಆಗಬಾರದ ಕೆಲಸ. ಒಳಗೆ ಬರುವವರು ಬಾಗಿಲಲ್ಲಿ ಬ್ಲೀಚಿಂಗ್ ನೀರಿನಿಂದ ಕೈಕಾಲು ತೊಳೆಯಲೇಬೇಕು. ಹುಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹಾಲುತೊಂಡೆ ರೋಗ ಬಂತು. ಊದಿಕೊಂಡ ಹುಳು ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಯುತ್ತಿತ್ತು. ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿದೆವು.

ಜಯಮ್ಮ ಇನ್ನೂ ನಮ್ಮಲ್ಲೇ ಇದ್ದಳು. ಬೀದಿಯವರ ಎದುರಿಗೆ ನಾನು, "ನಿನ್ ಕೈಯಿಂದ್ಲೇ ಬಂತು ಕಣೆ ಇದು, ಇನ್ನೊಂದ್ ಮಾತಿಲ್ಲ" ಅಂದೆ. ಅವಳು ಬ್ಯಾಗು ಎತ್ತಿಕೊಂಡು ನಡೆದಳು. ಅವಳ ಅಣ್ಣ, ಅಂದರೆ ನಮ್ಮ ಯಜಮಾನರು, ವರ್ಷವರ್ಷವೂ ಗೌರಿ ಬಾಗಿನ ಹೊತ್ತು ಮಾಗಡಿಗೆ ಹೋಗುತ್ತಾರೆ. ತೆಗೆದುಕೊಳ್ಳುತ್ತಾಳೆ. ಇತ್ತ ಕಾಲಿಟ್ಟಿಲ್ಲ.

ಅವಳು ಬಂದ ದಿನ ಮಳೆಗೆ ನೆನೆದ ಸೊಪ್ಪನ್ನು ಆರಿಸದೆ ಹುಳುಮನೆಗೆ ತಂದು ಸುರಿದವಳು ನಾನು. ರೋಗ ಅದರಿಂದ ಬಂದಿರಬಹುದು. ಅವಳಿಂದಲೂ ಬಂದಿರಬಹುದು. ಕೊಂಡು ತಂದ ಮರಿಹುಳುಗಳಲ್ಲೇ ಇದ್ದಿರಬಹುದು. ಕಂಡವರು ಯಾರು? 'ಬಹುದು' ಎನ್ನುವುದಕ್ಕೆ ಇಂಗ್ಲಿಷು ಕಲಿಯಬೇಕಿರಲಿಲ್ಲ. ಆದರೆ ಹಾಗೆ ಅಂದಿದ್ದರೆ ನನ್ನ ಒದ್ದೆ ಸೊಪ್ಪಿನ ಮಾತೂ ಹೊರಗೆ ಬರುತ್ತಿತ್ತು. ಖಾತ್ರಿಯಾಗಿ ಮಾತಾಡುವವರಿಗೆಲ್ಲ ವಿಷಯ ಗೊತ್ತಿರುತ್ತದೆ ಎಂದು ನಂಬಬೇಡಿ. ಅರ್ಧ ಜನ ಏನನ್ನೋ ಮುಚ್ಚಿಡುತ್ತಿರುತ್ತಾರೆ.

ಮಾರನೆಯ ದಿನ ರಾಮನಗರದಲ್ಲಿ ಬಸ್ಸು ಬದಲಾಯಿಸಿ ಮಾಗಡಿಗೆ ಹೋದೆ. ಜಯಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕೂತ್ಕೊಳ್ಳಿ ಅನ್ನಲಿಲ್ಲ. ನಿಂತೇ ಹೇಳಿದೆ.

"ಅವತ್ತು ಸೊಪ್ಪು ಒದ್ದೆ ಇತ್ತು ಕಣೆ. ನಿನ್ ತಲೆಗೆ ಕಟ್ಬುಟ್ಟೆ."

"ಗೊತ್ತಿತ್ತು ಅತ್ಗೆ. ಆ ಸೊಪ್ಪು ಹಾಕ್ದೋಳು ನಾನೇ ಅಲ್ವಾ?"

"ಮತ್ತೆ ಅವತ್ತೇ ಯಾಕೆ ಬಾಯ್ಬುಡ್ಲಿಲ್ಲ?"

"ನಾನೂ ಕಾಲ್ ತೊಳ್ದಿರ್ನಿಲ್ವಲ್ಲ."

ಹನ್ನೆರಡು ವರ್ಷ ಸುಮ್ಮನೆ ಹೋಯಿತು.

"ಸಂಕ್ರಾಂತಿಗೆ ಬತ್ತೀಯಾ?"

"ನೋಡಾನ" ಅಂದಳು. ನಮ್ಮ ಕಡೆ ನೋಡಾನ ಎಂದರೆ ಸಾಮಾನ್ಯವಾಗಿ ಬರುವುದಿಲ್ಲ ಎಂದೇ. ಆದರೆ ಹೊರಟಾಗ ಕೂಗಿ ನಿಲ್ಲಿಸಿ, ಬಿಡಿಸಿದ ಕಾಳನ್ನೆಲ್ಲ ಕವರಿಗೆ ತುಂಬಿ ನನ್ನ ಕೈಗಿಟ್ಟಳು. ಅದರ ಅರ್ಥ ಏನೆಂದು ತೀರ್ಮಾನ ಮಾಡಲು ನಾನು ಹೋಗಿಲ್ಲ. ಮನೆಗೆ ಬಂದು ಸಾರು ಮಾಡಿದೆ. ಚೆನ್ನಾಗಿತ್ತು.